ಮೇಲಕ್ಕೆ ದಾರಿನೇ ಇಲ್ಲದ ಡೈವಿಂಗ್

ನೇತ್ರಾಣಿಲಿ ಸ್ಕೂಬಾ ಮಾಡ್ಕೊಂಡು ಬಂದೋರೆಲ್ಲ ಈಗ ಮೆಕ್ಸಿಕೋದ ಸೆನೋಟೆ (ಸುಣ್ಣಕಲ್ಲಿನ ಚಾವಣಿ ಕುಸಿದು ಆಗಿರೋ ನೀರಿನ ಗುಂಡಿ) ರೀಲ್ಸ್ ಕಳಿಸ್ತಿದಾರೆ, ಇದೂ ಅದೇ ತಾನೆ, ಗುಹೆಯೊಳಗೆ ಮಾಡೋದು ಅಷ್ಟೇ ಅಂತ. ಅಷ್ಟೇ ಅಲ್ಲ ಮಾರಾಯ್ರೇ. ಸಮುದ್ರದಲ್ಲಿ ಏನೇ ಎಡವಟ್ಟಾದ್ರೂ ಮೇಲೆ ಹೋಗೋಕೆ ದಾರಿ ಇರತ್ತೆ, ಇಲ್ಲಿ ತಲೆ ಮೇಲಿರೋದು ಬಂಡೆ. ಬಂದ ದಾರೀಲೇ ಈಜ್ಕೊಂಡು ಹೊರಗೆ ಬರ್ಬೇಕು, ಅದೂ ದಾರಿ ಕಂಡ್ರೆ.

ಕಾಣಲ್ಲ, ಅದೇ ಅಸಲಿ ತೊಂದ್ರೆ. ತಳದಲ್ಲಿ ಹಿಟ್ಟಿನಷ್ಟು ನುಣುಪಾದ ಹೂಳು ಕೂತಿರತ್ತೆ, ಕಾಲಿಗೆ ಹಾಕಿರೋ ಫಿನ್ ಒಂದ್ಸಲ ಜೋರಾಗಿ ಬಡಿದ್ರೆ ಸಾಕು, ಟಾರ್ಚ್ ಎಷ್ಟೇ ಪವರ್ ಇದ್ರೂ ನಿಮ್ ಕೈ ನಿಮಗೇ ಕಾಣಲ್ಲ. ಅದಕ್ಕೇ ಹೊರಗಿಂದ್ಲೇ ಗೈಡ್‌ಲೈನ್ ದಾರ ಕಟ್ಕೊಂಡು ಹೋಗೋದು, ದಾರಕ್ಕೆ ಪ್ಲಾಸ್ಟಿಕ್ ಬಾಣ ಸಿಗಿಸಿರ್ತಾರೆ, ಚೂಪು ತುದಿ ಯಾವ ಕಡೆ ಇದೆ ಅಂತ ಬೆರಳಲ್ಲಿ ಸವರಿದ್ರೆ ಹೊರಗಿನ ದಿಕ್ಕು ಗೊತ್ತಾಗತ್ತೆ.

ಗಾಳಿದೂ ಲೆಕ್ಕ ಇದೆ. ಮೂರರಲ್ಲಿ ಒಂದು ಭಾಗ ಹೋಗೋಕೆ, ಒಂದು ಬರೋಕೆ, ಒಂದು ಮುಟ್ಟೋ ಹಾಗಿಲ್ಲ. ಸಿಲಿಂಡರ್‌ನಲ್ಲಿ ಗಾಳಿಯ ಒತ್ತಡ 200 ಬಾರ್ ಇದ್ರೆ ಸುಮಾರು 133ಕ್ಕೆ ಇಳಿದಾಗ್ಲೇ ವಾಪಸ್. ಜೊತೆಗಿದ್ದೋರ ಗಾಳಿ ಗುಹೆಯ ಒಳತುದೀಲಿ ಕೈಕೊಟ್ರೆ ಇಬ್ರೂ ನಿಮ್ದೇ ಸಿಲಿಂಡರ್‌ನಲ್ಲಿ ಹೊರಗೆ ಬರ್ಬೇಕಲ್ಲ, ಅದಕ್ಕೆ ಆ ಮೂರನೇ ಭಾಗ. ಆದ್ರೆ ಹೂಳಲ್ಲಿ ತಡಕಾಡ್ತಾ ಕೂತ್ರೆ ಅದೂ ಸಾಲಲ್ಲ.

ಹಂಗೇ ಆಗಿದ್ದು 2017ರ ಏಪ್ರಿಲ್‌ನಲ್ಲಿ, ಸ್ಪೇನ್‌ನ ಮಯೋರ್ಕಾ ದ್ವೀಪದಲ್ಲಿ. ಶಿಸ್ಕೊ ಗ್ರಾಸಿಯಾ ಅಂತ ಭೂವಿಜ್ಞಾನದ ಮೇಷ್ಟ್ರು, ಗುಹೆ ಡೈವಿಂಗಲ್ಲಿ ಪಳಗಿದೋರು, ಜೊತೆಗಾರನೊಬ್ಬನ ಜೊತೆ ಗುಹೆಗೆ ಇಳಿದಿದ್ರು. ವಾಪಸ್ ಬರೋವಾಗ ದಾರ ಸಿಗ್ಲಿಲ್ಲ, ಹುಡುಕಾಟದಲ್ಲಿ ನೀರು ಕದಡಿ ಗಾಳಿ ಖಾಲಿಯಾಗ್ತಾ ಬಂತು. ಒಳಗೆಲ್ಲೋ ಗಾಳಿ ಇರೋ ಕೋಣೆ ಇದೆ ಅಂತ ನೆನಪಾಗಿ ಇಬ್ರೂ ಅಲ್ಲಿಗೆ ಹೋದ್ರು, ಉಳಿದ ಗಾಳಿ ಒಬ್ರಿಗೆ ಮಾತ್ರ ಸಾಲ್ತಿತ್ತು, ಜೊತೆಗಾರ ಸಣಕಲ, ಕಮ್ಮಿ ಗಾಳಿ ಸಾಕು ಅಂತ ಅವನನ್ನ ಕಳಿಸಿ ಮೇಷ್ಟ್ರು ಅಲ್ಲೇ ಉಳಿದ್ರು. ಕತ್ತಲಲ್ಲಿ ಸುಮಾರು 60 ಗಂಟೆ! ನಾವು ಹೊರಗೆ ಉಸಿರಾಡೋ ಗಾಳೀಲಿ ಇಂಗಾಲದ ಡೈಆಕ್ಸೈಡ್ ಶೇ. 0.04 ಇದ್ರೆ ಅಲ್ಲಿ ಶೇ. 5ರಷ್ಟಿತ್ತು, ತಲೆ ಸಿಡಿತ, ನೀರಲ್ಲಿ ಬೆಳಕು ಬಂದಂಗೆ ಭ್ರಮೆ. ರಕ್ಷಣೆಗೆ ಬಂದೋರಿಗೂ ಮೊದ್ಲು ಹೂಳಿಂದಾಗಿ ಒಳಗೆ ಹೋಗೋಕೇ ಆಗ್ಲಿಲ್ಲ. ಕೊನೆಗೆ ಬದುಕಿ ಬಂದ್ರು, ಆಮೇಲೆ ಅದೇ ಗುಹೆಗೆ ಮತ್ತೆ ಇಳಿದ್ರು ಕೂಡ, ಆ ಗುಂಡಿಗೆ ನಂಗಂತೂ ಇಲ್ಲ.

ಸೆನೋಟೆಗೆ ಹೋಗ್ಲೇಬೇಕಂದ್ರೆ ಗೈಡ್ ಜೊತೆ ಕ್ಯಾವರ್ನ್ ಡೈವ್ ಮಾಡಿ, ಅಂದ್ರೆ ಗುಹೆ ಬಾಯಿಂದ ಬರೋ ಬಿಸಿಲು ಕಾಣೋ ತನಕ ಮಾತ್ರ. ಎಷ್ಟೋ ಕಡೆ ಅದರಾಚೆಗೆ ಸಾವಿನ ಚಿತ್ರ ಇರೋ ಬೋರ್ಡ್ ನೆಟ್ಟಿರ್ತಾರೆ, ಅದರ ಮುಂದೆ ಒಂದು ಫೋಟೋ ತೆಗೆಸ್ಕೊಂಡು ತೆಪ್ಪಗೆ ವಾಪಸ್ ಬನ್ನಿ.