ಟರ್ಬೋ ಇಲ್ಲದ ಆ ಎಂಜಿನ್

ಹೊಸ ಪೋರ್ಷೆ 911 ಜಿಟಿ3 ಸ್ಪೋರ್ಟ್ಸ್ ಕಾರು ತಗೊಳ್ಳಲೋ ಬೇಡವೋ ಅಂತ ಮೂರು ವಾರದಿಂದ ಒದ್ದಾಡುತ್ತಿದ್ದೇನೆ. ಮೊನ್ನೆ ಓಡಿಸಿ ನೋಡಿದೆ. ಅಲ್ಲಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. 4 ಲೀಟರ್‌ನ ಆರು ಸಿಲಿಂಡರ್ ಎಂಜಿನ್, ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಇಲ್ಲ, ನಿಮಿಷಕ್ಕೆ 9,000 ಸುತ್ತಿನ (ಆರ್‌ಪಿಎಂ) ತನಕ ಏರುತ್ತದೆ, ಏರಿದಷ್ಟೂ ಬೆನ್ನ ಹಿಂದಿನ ಸದ್ದು ಬದಲಾಗುತ್ತಾ ಹೋಗುತ್ತದೆ, ಗೇರ್ ಹಾಕಿದರೆ ಟಕ್ ಅಂತ ಕೂರುತ್ತದೆ, ಅಂಗೈಗೇ ಗೊತ್ತಾಗುತ್ತದೆ. 510 ಅಶ್ವಶಕ್ತಿ ಅನ್ನೋದಕ್ಕಿಂತ ನನ್ನನ್ನು ಹಿಡಿದದ್ದು ಇದೇ.

ಸಸ್ಪೆನ್ಷನ್ ಗಟ್ಟಿ, ದಿನಾ ಓಡಿಸಿದರೆ ಬೆನ್ನು ನೋಯಬಹುದು. ಆದರೆ ಇದೇ ಕಾರಿನ, ಹಿಂದೆ ದೊಡ್ಡ ರೆಕ್ಕೆ ಇಲ್ಲದ ಟೂರಿಂಗ್ ಮಾದರಿಗೆ ಈ ಸಲ ಹಿಂದಿನ ಸೀಟೂ ಹಾಕಿಸಬಹುದು, ಮಗಳನ್ನು ಕೂರಿಸಿಕೊಂಡು ಹೋಗಬಹುದು. ಹೊಗೆಯ ನಿಯಮಗಳು ಬಿಗಿಯಾಗುತ್ತಲೇ ಇವೆ, ಇಂಥ ಎಂಜಿನ್ ಇನ್ನೆಷ್ಟು ವರ್ಷ ಸಿಗುತ್ತದೋ! ಹಾಗಂತ ಕೈತಪ್ಪುತ್ತದೆ ಅನ್ನೋ ಭಯಕ್ಕೆ ಕೊಳ್ಳಬಾರದು, ಅಲ್ವಾ? ನನಗೆ ನಿಜವಾಗಲೂ ಬೇಕಾ, ಸುಮ್ನೆ ಆಸೆಯಾ? ಭಾನುವಾರ ಇನ್ನೊಮ್ಮೆ ಓಡಿಸಲು ಕೇಳಿದ್ದೇನೆ. ಈ ಸಲ ನಿಧಾನವಾಗಿ, ಗುಂಡಿ ಬಿದ್ದ ರಸ್ತೆಯಲ್ಲಿ.