ನೋಟಿಸ್ ಆ ಜಾಗದಲ್ಲೇ ಇರಬೇಕಿತ್ತು

ನಮ್ಮ ಮನೆ ಹಿಂದಿನ ರಸ್ತೆಯಲ್ಲಿ ಒಂದು ಖಾಲಿ ಸಿ.ಎ. ಸೈಟ್, ಅಂದರೆ ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟ ಜಾಗ, ಇತ್ತು. ನಾವು ಈ ಬಡಾವಣೆಗೆ ಬಂದಾಗಿನಿಂದ ಅದು ಖಾಲಿಯೇ. ಸಂಜೆ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು, ಗಣೇಶನ ಹಬ್ಬದ ಪೆಂಡಾಲ್ ಅಲ್ಲೇ ಏಳುತ್ತಿತ್ತು, ಭಾನುವಾರ ಸೊಪ್ಪಿನ ಗಾಡಿಗಳು ಅದರ ಪಕ್ಕ ನಿಲ್ಲುತ್ತಿದ್ದವು. ಹೋದ ವರ್ಷ ಒಂದು ಬೆಳಿಗ್ಗೆ ನೋಡಿದರೆ ಸುತ್ತ ತಗಡಿನ ಶೀಟು, ಒಳಗೆ ಜೆಸಿಬಿ. ಯಾವುದೋ ಸಂಸ್ಥೆಗೆ 30 ವರ್ಷ ಗುತ್ತಿಗೆ ಕೊಟ್ಟಾಗಿದೆ ಅಂದರು.

ನಾವು ನಾಲ್ಕೈದು ಜನ ಗುತ್ತಿಗೆ ಕೊಟ್ಟ ಕಚೇರಿಗೆ ಹೋದೆವು. "ನೋಟಿಸ್ ಹಾಕಿದ್ದೆವಲ್ಲ ಸಾರ್, ಆಗ ಯಾರೂ ಬಂದು ಕೇಳಲಿಲ್ಲ" ಅಂದರು. ನಿಜ, ಹಾಕಿದ್ದರು. ಎರಡನೇ ಮಹಡಿಯ ಬೋರ್ಡಿನಲ್ಲಿ, ಇನ್ನೂ ಹತ್ತಾರು ಕಾಗದಗಳ ಮಧ್ಯೆ. ಪೇಪರಿನಲ್ಲೂ ಬಂದಿತ್ತಂತೆ, ಅದರಲ್ಲಿ ಇದ್ದದ್ದು ಸೈಟಿನ ನಂಬರ್ ಮತ್ತು ಅಳತೆ. ಆ ನಂಬರ್ ನಮ್ಮ ಹಿಂದಿನ ರಸ್ತೆಯ ಜಾಗದ್ದು ಎಂದು ಅಲ್ಲಿ ದಿನಾ ಆಡುವ ಹುಡುಗರಿಗಾಗಲಿ ನಮಗಾಗಲಿ ಹೇಗೆ ಗೊತ್ತಾಗಬೇಕು?

ಅವತ್ತಿನಿಂದ ನಾನು ಈ ನಿಯಮಗಳನ್ನು ಓದೋಕೆ ಶುರು ಮಾಡಿದೆ. ಬೆಂಗಳೂರಿನ ನಿಯಮಗಳನ್ನೇ ಮೊದಲು ಹಿಡಿದೆ, ಯಾಕೆಂದರೆ ಅವುಗಳ ಮೇಲೆ ಕೋರ್ಟುಗಳಲ್ಲಿ ಬಹಳ ಜಗಳ ನಡೆದಿದೆ. 1976ರ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕಾಯ್ದೆ ಪ್ರಕಾರ ಬಡಾವಣೆ ಮಾಡುವಾಗ ಒಟ್ಟು ಜಾಗದಲ್ಲಿ ಕನಿಷ್ಠ 15% ಪಾರ್ಕು ಮತ್ತು ಆಟದ ಮೈದಾನಕ್ಕೆ ಬಿಡಬೇಕು. ಅದಲ್ಲದೆ ಕನಿಷ್ಠ 10% ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಕ್ಕೆ. ಸಿ.ಎ. ಸೈಟ್ ಅಂದರೆ ಇದೇ. ಕಾರ್ನರ್ ಸೈಟುಗಳಿಗೆ 1984ರ ನಿಯಮ, ಅವು ಹರಾಜಿಗೆ ಹೋಗುತ್ತವೆ, ಜಾಸ್ತಿ ಕೂಗಿದವರಿಗೆ ಸಿಗುತ್ತವೆ. ಸಿ.ಎ. ಸೈಟಿಗೆ 1989ರ ನಿಯಮ. ಅಲ್ಲಿ ಹರಾಜಿಲ್ಲ, ಸಂಸ್ಥೆಗಳಿಂದ ಅರ್ಜಿ ಕರೆದು ಗುತ್ತಿಗೆಗೆ ಕೊಡುತ್ತಾರೆ. ಕಾಯ್ದೆಯ 38ಎ ಕಲಮು ಬಹಳ ಖಡಕ್ಕಾಗಿದೆ. ಪಾರ್ಕು, ಮೈದಾನ, ಸಿ.ಎ. ಸೈಟ್ ಯಾವುದಕ್ಕೆ ಮೀಸಲೋ ಅದಕ್ಕೇ ಇರಬೇಕು, ಬೇರೆ ಕೆಲಸಕ್ಕೆ ಮಾರಿದರೆ ಆ ಮಾರಾಟವೇ ಅಸಿಂಧು.

ಎಲ್ಲವನ್ನೂ ಹರಾಜು ಹಾಕಿಬಿಡಿ, ಆಗ ಮೋಸಕ್ಕೆ ಜಾಗವೇ ಇರೋದಿಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ದುಡ್ಡೊಂದನ್ನೇ ನೋಡಿದರೆ ಒಂದು ಅಂಗನವಾಡಿಗೋ ಗ್ರಂಥಾಲಯಕ್ಕೋ ಯಾವತ್ತೂ ಜಾಗ ಸಿಗುವುದಿಲ್ಲ. ಮೊಬೈಲ್ ತರಂಗಾಂತರವನ್ನು ಹರಾಜಿನಲ್ಲೇ ಕೊಡಬೇಕು ಎಂಬ 2ಜಿ ತೀರ್ಪು ಬಂದ 2012ರಲ್ಲೇ ಸುಪ್ರೀಂ ಕೋರ್ಟ್ ಇನ್ನೊಂದು ಪೀಠದಿಂದ ಹರಾಜು ಒಂದೇ ದಾರಿಯಲ್ಲ ಎಂದೂ ಹೇಳಿತು. ಆದರೆ ಹರಾಜಿಲ್ಲದ ಕಡೆ ಯಾರಿಗೆ ಕೊಡಬೇಕು ಎಂದು ಒಬ್ಬರು ಕೂತು ತೀರ್ಮಾನ ಮಾಡುತ್ತಾರಲ್ಲ, ಆ ತೀರ್ಮಾನ ಮುಗಿಯುವ ಮೊದಲೇ ಅಕ್ಕಪಕ್ಕದವರಿಗೆ ವಿಷಯ ಗೊತ್ತಾಗಬೇಕು.

ಗೊತ್ತಾದರೆ ಏನಾಗುತ್ತದೆ ಎಂಬುದಕ್ಕೆ ರಾಜಮಹಲ್ ವಿಲಾಸ್ ಬಡಾವಣೆಯ ಕೇಸು ಇದೆ, ಈಗ ನಾವು ಸದಾಶಿವನಗರ ಅನ್ನುವ ಕಡೆ. ನಕ್ಷೆಯಲ್ಲಿ ಪಾರ್ಕಿಗೆ ಬಿಟ್ಟಿದ್ದ ಒಂದು ಜಾಗ. ಮುಖ್ಯಮಂತ್ರಿಗಳ ಕಡೆಯಿಂದ ಆದೇಶ ಬಂತು, ಆ ಜಾಗ ಸಿ.ಎ. ಸೈಟ್ ಆಯಿತು, ಬಿಡಿಎ ಅದನ್ನು ಆಸ್ಪತ್ರೆ ಕಟ್ಟಲು ಬೆಂಗಳೂರು ಮೆಡಿಕಲ್ ಟ್ರಸ್ಟ್ ಎಂಬ ಖಾಸಗಿ ಸಂಸ್ಥೆಗೆ ಮಂಜೂರು ಮಾಡಿತು. ಅಲ್ಲಿನ ನಿವಾಸಿಗಳು ಸುಮ್ಮನಿರಲಿಲ್ಲ, ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು. 1991ರಲ್ಲಿ ಅಲ್ಲೂ ನಿವಾಸಿಗಳೇ ಗೆದ್ದರು.

ಆ ತೀರ್ಪನ್ನು ನಾನು ಎರಡು ಸಲ ಓದಿದೆ. ಆಸ್ಪತ್ರೆಯೂ ಜನರಿಗೆ ಬೇಕಾದ್ದೇ ಅಲ್ವಾ, ಪಾರ್ಕಿನ ಬದಲು ಅದು ಬಂದರೆ ತಪ್ಪೇನು ಎಂಬ ವಾದವೂ ಅಲ್ಲಿತ್ತು. ಕೋರ್ಟು ಒಪ್ಪಲಿಲ್ಲ. ಖಾಸಗಿ ಆಸ್ಪತ್ರೆ ದುಡ್ಡಿದ್ದವರಿಗೆ, ಪಾರ್ಕು ಎಲ್ಲರಿಗೂ, ಒಂದು ಇನ್ನೊಂದರ ಜಾಗ ತುಂಬುವುದಿಲ್ಲ ಎಂದಿತು. ಯೋಜನೆ ಬದಲಾಯಿಸುವ ಅಧಿಕಾರ ಬಿಡಿಎಗೆ ಇರುವುದು ಯೋಜನೆಯನ್ನು ಇನ್ನಷ್ಟು ಚೆನ್ನಾಗಿ ಮಾಡಲಿಕ್ಕೆ, ಅಷ್ಟಕ್ಕೇ. ಮೇಲಿನಿಂದ ಹೇಳಿದರು ಎಂದು ಪ್ರಾಧಿಕಾರ ತಾನು ಯೋಚನೆಯನ್ನೇ ಮಾಡದೆ ಸಹಿ ಹಾಕುವಂತಿಲ್ಲ. ಇನ್ನೊಂದು ಮಾತು ನನಗೆ ಮನಸ್ಸಿಗೆ ನಾಟಿತು. ಒಂದು ಕಾಲದಲ್ಲಿ ಉದ್ಯಾನ ಅನ್ನೋದು ರಾಜರದ್ದು, ಸಿರಿವಂತರದ್ದು. ಎಲ್ಲರೂ ಸಮಾನ ಎಂಬ ಭಾವನೆ ಬೆಳೆದ ಮೇಲೇ ಅದು ಸಾಮಾನ್ಯ ಜನರ ಕೈಗೆ ಬಂತು ಎಂದು ನ್ಯಾಯಮೂರ್ತಿಗಳು ಬರೆದಿದ್ದಾರೆ. ಒಂದು ಪಾರ್ಕಿನ ಕೇಸಿನಲ್ಲಿ ಇಷ್ಟು ದೂರ ಯೋಚಿಸಿದ್ದಾರಲ್ಲ ಅನ್ನಿಸಿತು. ನೆರೆಹೊರೆಯವರಿಗೆ ಕೇಸು ಹಾಕುವ ಹಕ್ಕೇ ಇಲ್ಲ ಎಂಬ ವಾದವೂ ಅಲ್ಲೇ ಬಿತ್ತು.

ಆದರೆ ಆ ನಿವಾಸಿಗಳಿಗೆ ವಿಷಯ ಹೊತ್ತಿಗೆ ಸರಿಯಾಗಿ ಗೊತ್ತಾಗಿತ್ತು. ನಮಗೆ ಗೊತ್ತಾದದ್ದು ಜೆಸಿಬಿ ಬಂದ ಮೇಲೆ.

ನಾನು ಚಿಕ್ಕವನಿದ್ದಾಗ ನಮ್ಮ ಊರಿನಲ್ಲಿ ಸಂತೆ ಸುಂಕದ ಹರಾಜಿಗೆ ತಮಟೆ ಹೊಡೆಸುತ್ತಿದ್ದರು. ಸಂತೆ ಮಾಳದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ನಮ್ಮ ಬೀದಿ ಕೊನೆಯಲ್ಲಿ ನಿಂತು ದಿನ, ಹೊತ್ತು, ಜಾಗ ಎಲ್ಲ ಕೂಗಿ ಹೇಳುತ್ತಿದ್ದರು. ಹರಾಜಿನ ದಿನ ಅಪ್ಪನ ಜೊತೆ ಹೋಗುತ್ತಿದ್ದೆ. ಸರ್ಕಾರಿ ಸವಾಲು ಇಷ್ಟು ಎಂದು ಶುರುವಾಗಿ ಒಂದನೇ ಸಲ, ಎರಡನೇ ಸಲ, ಮೂರನೇ ಸಲ ಅನ್ನುವವರೆಗೂ ಊರಿನ ಅರ್ಧ ಜನ ಅಲ್ಲೇ ನಿಂತಿರುತ್ತಿದ್ದರು. ಬಿಡ್ಡುದಾರರು ಮೊದಲೇ ಒಳಗೊಳಗೇ ಮಾತಾಡಿಕೊಂಡು ಬರುವುದೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೂ ಯಾವುದು ಯಾರಿಗೆ ಎಷ್ಟಕ್ಕೆ ಹೋಯಿತು ಎಂದು ಸಂಜೆ ಹೊತ್ತಿಗೆ ಹೋಟೆಲಿನಲ್ಲಿ ಕಾಫಿ ಕುಡಿಯುವವರಿಗೆಲ್ಲ ಗೊತ್ತಿರುತ್ತಿತ್ತು. ಪುರಸಭೆ ಮಳಿಗೆಗಳ ಕಥೆ ಬೇರೆ. ಎಷ್ಟೋ ಊರುಗಳಲ್ಲಿ 12 ವರ್ಷದ ಅವಧಿ ಮುಗಿದರೂ ಮರುಹರಾಜು ಆಗಿಲ್ಲ, ಒಳಬಾಡಿಗೆ ಜೋರಾಗಿದೆ ಎಂಬ ಸುದ್ದಿ ಜಿಲ್ಲಾ ಪುಟಗಳಲ್ಲಿ ಬರುತ್ತಲೇ ಇರುತ್ತದೆ.

ಅದಕ್ಕೇ ನಾನು ಕೇಳುವುದು ಒಂದೇ. ಸರ್ಕಾರಿ ಜಾಗ ಯಾವುದೇ ಇರಲಿ, ಮಾರಲಿ, ಗುತ್ತಿಗೆಗೆ ಕೊಡಲಿ, ಆ ಜಾಗದಲ್ಲೇ ಒಂದು ದೊಡ್ಡ ಬೋರ್ಡ್ ನಿಲ್ಲಿಸಬೇಕು. ಕನ್ನಡದಲ್ಲಿ, ದೂರದಿಂದ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ. ಯಾವುದಕ್ಕೆ ಮೀಸಲಿದ್ದ ಜಾಗ, ಈಗ ಏನು ಮಾಡುತ್ತಿದ್ದಾರೆ, ಯಾರು ಅರ್ಜಿ ಹಾಕಿದ್ದಾರೆ, ಯಾವ ತಾರೀಖಿನೊಳಗೆ ಯಾರನ್ನು ಕೇಳಬೇಕು, ಇಷ್ಟು ಅದರಲ್ಲಿರಲಿ. ಒಂದು ತಿಂಗಳಾದರೂ ಅಲ್ಲೇ ಇರಲಿ. ಇದಕ್ಕೆ ಎಷ್ಟು ಖರ್ಚಾದೀತು?

ನಮ್ಮ ಬಡಾವಣೆಯಲ್ಲಿ ಇನ್ನೂ ಎರಡು ಸಿ.ಎ. ಸೈಟ್ ಖಾಲಿ ಇವೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಮಂಜೂರಾದ ನಕ್ಷೆಯ ನಕಲು ತಗೊಂಡಿದ್ದೇವೆ. ಹೋದ ಭಾನುವಾರ ನಕ್ಷೆ ಹಿಡಿದು ಎರಡೂ ಜಾಗಕ್ಕೆ ಹೋಗಿ, ನಂಬರ್ ಹೊಂದಿಸಿ ನೋಡಿ, ಫೋಟೋ ತೆಗೆದು, ನಮ್ಮ ಕೈಯಿಂದಲೇ ಒಂದೊಂದು ತಗಡಿನ ಬೋರ್ಡ್ ನೆಟ್ಟು ಬಂದೆವು. ಅದರ ಮೇಲೆ ಸೈಟಿನ ನಂಬರ್, ಅಳತೆ, ಕೆಳಗೆ "ನಾಗರಿಕ ಸೌಲಭ್ಯಕ್ಕೆ ಮೀಸಲು" ಎಂದು ಬರೆಸಿದ್ದೇವೆ.