ವೀಸಾ ಬೇಡ, ಆದರೆ ಟಿಕೆಟ್ ಎಲ್ಲಿ?

ಚೆಕ್-ಇನ್ ಕೌಂಟರಿನಲ್ಲಿದ್ದಾಕೆ ನನ್ನ ಪಾಸ್‌ಪೋರ್ಟ್ ತಿರುವಿ ಹಾಕಿದರು. ಕಂಪ್ಯೂಟರಿನಲ್ಲಿ ಏನೋ ಕುಟ್ಟಿದರು. ಸ್ಕ್ರೀನ್ ನೋಡುತ್ತಲೇ ಕೇಳಿದರು, "ಅಲ್ಲಿಂದ ಹೊರಡೋ ಟಿಕೆಟ್ ಎಲ್ಲಿ?"

ತೆಗೆದಿಲ್ಲ ಅಂದೆ. ಮೂರು ವಾರ ಸುತ್ತಾಡಿ, ಆಮೇಲೆ ಮನಸ್ಸು ಬಂದ ದಿನ ಬಸ್ಸು ಹತ್ತಿ ಪಕ್ಕದ ದೇಶಕ್ಕೆ ಹೋದರಾಯಿತು ಅನ್ನೋದು ನನ್ನ ಲೆಕ್ಕ. "ನನ್ನ ಪಾಸ್‌ಪೋರ್ಟಿಗೆ ಆ ದೇಶದಲ್ಲಿ 30 ದಿನ ವೀಸಾ ಬೇಡ" ಅಂತ ಸ್ವಲ್ಪ ಜಂಬದಿಂದಲೇ ಹೇಳಿದೆ. "ಹೌದು, ವೀಸಾ ಬೇಡ. ಟಿಕೆಟ್ ಬೇಕು" ಅಂದರು. ಮುಂದಿನವರನ್ನು ಕರೆದರು.

ಸಾಲಿನಿಂದ ಪಕ್ಕಕ್ಕೆ ಸರಿದು, ಸೂಟ್‌ಕೇಸಿನ ಮೇಲೆ ಕೂತು, ಫೋನಿನಲ್ಲಿ ಟಿಕೆಟ್ ಹುಡುಕಿದೆ. ಮೊದಲ ಸಲ ಒಟಿಪಿ ಬರಲೇ ಇಲ್ಲ. ಎರಡನೇ ಸಲ ಬರುವ ಹೊತ್ತಿಗೆ ಪೇಜ್ ಕಾದು ಕಾದು ಸತ್ತಿತ್ತು. ಮೂರನೇ ಸಲಕ್ಕೆ ಆಯಿತು. ಕೌಂಟರ್ ಮುಚ್ಚಲು ಎಂಟು ನಿಮಿಷ ಇತ್ತು.

ಆಗ ಆಕೆಯ ಮೇಲೆ ವಿಪರೀತ ಸಿಟ್ಟು ಬಂದಿತ್ತು, ಸುಳ್ಳು ಹೇಳಲ್ಲ. ಆಮೇಲೆ ತಿಳಿದುಕೊಂಡ ಮೇಲೆ ಸಿಟ್ಟು ಇಳಿಯಿತು. ವಿಮಾನ ಸಂಸ್ಥೆಗಳ ಸಿಬ್ಬಂದಿ ನೋಡುವುದು ಟಿಮ್ಯಾಟಿಕ್ ಅನ್ನೋ ಮಾಹಿತಿ ಕೋಶ. ಇದನ್ನು ನಡೆಸುವುದು ಐಎಟಿಎ, ಅಂದರೆ ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ. ಯಾವ ದೇಶದ ಪಾಸ್‌ಪೋರ್ಟಿಗೆ ಯಾವ ದೇಶದಲ್ಲಿ ಏನೇನು ಬೇಕು ಅನ್ನೋದು ಅದರಲ್ಲಿರುತ್ತದೆ. ಸರಿಯಾದ ದಾಖಲೆ ಇಲ್ಲದವರನ್ನು ಕರೆದುಕೊಂಡು ಹೋದರೆ ಎಷ್ಟೋ ದೇಶಗಳು ವಿಮಾನ ಸಂಸ್ಥೆಗೇ ದಂಡ ಹಾಕುತ್ತವೆ, ಪ್ರಯಾಣಿಕನನ್ನು ವಾಪಸ್ ತರುವ ಕೆಲಸವೂ ಅವರ ತಲೆಗೇ. ಅಂದ ಮೇಲೆ ಆಕೆ ಯಾಕೆ ಸುಮ್ನೆ ಬಿಡ್ತಾರೆ?

ನಾವು ತಪ್ಪು ತಿಳಿಯೋದು ಇಲ್ಲೇ. ವೀಸಾ ಬೇಕಿದ್ದರೆ ರಾಯಭಾರ ಕಚೇರಿಯವರು ಮುಂಚೆಯೇ ಎಲ್ಲ ಕೇಳಿ ಮುಗಿಸಿರುತ್ತಾರೆ. ಎಲ್ಲಿ ಉಳಿಯುತ್ತೀರಿ, ದುಡ್ಡೆಷ್ಟಿದೆ, ಯಾವಾಗ ವಾಪಸ್. ವೀಸಾ ಬೇಡ ಅಂದರೆ ಅದೇ ಪ್ರಶ್ನೆಗಳು ತಡವಾಗಿ ಬರುತ್ತವೆ, ಅದೂ ನೀವು ನಿದ್ದೆಗೆಟ್ಟು, ಬ್ಯಾಗ್ ಹೊತ್ತು, ಹಿಂದೆ ಇನ್ನೂರು ಜನರ ಸಾಲು ಇರುವಾಗ.

ಪಾಸ್‌ಪೋರ್ಟಿನ ಅವಧಿ ಇನ್ನೊಂದು ಎಡವಟ್ಟು. ಐದು ತಿಂಗಳು ಬಾಕಿ ಇದೆಯಲ್ಲ, ನಾನು ಹೋಗೋದು ಹತ್ತೇ ದಿನಕ್ಕೆ ಅಲ್ವಾ ಅನಿಸುತ್ತದೆ. ಆದರೆ ಇಂಡೋನೇಷ್ಯಾ, ಸಿಂಗಪುರದಂಥ ಕಡೆ ಕನಿಷ್ಠ ಆರು ತಿಂಗಳು ಇರಲೇಬೇಕು. ಯುರೋಪಿನ ಷೆಂಗೆನ್ ದೇಶಗಳಲ್ಲಿ, ಅಂದರೆ ತಮ್ಮ ನಡುವಿನ ಗಡಿ ತಪಾಸಣೆ ತೆಗೆದುಹಾಕಿಕೊಂಡ ದೇಶಗಳಲ್ಲಿ, ಅಲ್ಲಿಂದ ಹೊರಡುವ ದಿನದಿಂದ ಮುಂದೆ ಮೂರು ತಿಂಗಳು ಇರಬೇಕು, ಜೊತೆಗೆ ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷದ ಮೇಲಾಗಿರಬಾರದು.

ಷೆಂಗೆನ್ ಅಂದಾಗ ನೆನಪಾಯಿತು, ಅಲ್ಲಿನ ದಿನದ ಲೆಕ್ಕದಲ್ಲಿ ಎಂಥೆಂಥವರೋ ಮುಗ್ಗರಿಸಿದ್ದಾರೆ. ನಿಯಮ ಇಷ್ಟೇ: ಅಲ್ಲಿರುವ ಯಾವುದೇ ದಿನದಿಂದ ಹಿಂದಕ್ಕೆ ಎಣಿಸಿದ 180 ದಿನಗಳಲ್ಲಿ ಇರಬಹುದಾದದ್ದು 90 ದಿನ. 29 ದೇಶ ಸೇರಿ 90, ಒಂದೊಂದಕ್ಕೆ 90 ಅಲ್ಲ. ಬಂದ ದಿನವೂ ಲೆಕ್ಕ, ಹೋದ ದಿನವೂ ಲೆಕ್ಕ. 90 ದಿನ ಅಂದರೆ ಮೂರು ತಿಂಗಳು ಅಂತ ಜುಲೈ 1ಕ್ಕೆ ಹೋಗಿ ಸೆಪ್ಟೆಂಬರ್ 30ಕ್ಕೆ ಹೊರಟಿರೋ, 92 ಆಯಿತು. ಎರಡು ದಿನ ಹೆಚ್ಚು ಇದ್ದಂತೆ. ಒಂದು ದಿನ ಗಡಿ ದಾಟಿ ವಾಪಸ್ ಬಂದರೆ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ ಅನ್ನೋ ನಂಬಿಕೆಯೂ ಅಲ್ಲಿ ನಡೆಯಲ್ಲ. 2025ರ ಜನವರಿ 1ರಿಂದ ಮಾರ್ಚ್ 31ರವರೆಗೆ ಪೂರ್ತಿ ಇದ್ದವರಿಗೆ ಮತ್ತೆ ಬಾಗಿಲು ತೆರೆಯುವುದು ಜೂನ್ 30ಕ್ಕೇ. ಮೊದಲೆಲ್ಲ ಅಧಿಕಾರಿ ಸೀಲುಗಳನ್ನು ಹುಡುಕಿ ಎಣಿಸಬೇಕಿತ್ತು, ಮಸುಕಾದ ಸೀಲು ಇದ್ದರೆ ಅದೃಷ್ಟ. 2025ರ ಅಕ್ಟೋಬರಿನಲ್ಲಿ ಬೆರಳಚ್ಚು, ಮುಖದ ಫೋಟೊ ತೆಗೆದು ಕಂಪ್ಯೂಟರೇ ಎಣಿಸುವ ಪದ್ಧತಿ ಶುರುವಾಯಿತು.

ಅಮೆರಿಕದ್ದು ಇನ್ನೊಂದು ಥರ. ವೀಸಾ ಬೇಡದ ದೇಶಗಳವರೂ ಮೊದಲೇ ಎಸ್ಟಾ ಅನ್ನೋ ಅನುಮತಿ ತೆಗೆದುಕೊಳ್ಳಬೇಕು. ಅದು ಸಿಕ್ಕಿತು ಅಂದ ಮಾತ್ರಕ್ಕೆ ಒಳಗೆ ಬಿಟ್ಟೇ ಬಿಡುತ್ತಾರೆ ಅಂತಿಲ್ಲ. ಒಳಗೆ ಬಿಡುವುದಿಲ್ಲ ಅಂತ ಅಧಿಕಾರಿ ಹೇಳಿದರೆ ಮೇಲ್ಮನವಿ ಸಲ್ಲಿಸುವ ಹಕ್ಕನ್ನೂ ಈ ದಾರಿಯಲ್ಲಿ ಬರುವವರು ಬಿಟ್ಟುಕೊಟ್ಟಿರುತ್ತಾರೆ. ಫಾರ್ಮಿನಲ್ಲಿ ಅದು ಬರೆದಿರುತ್ತದೆ, ಓದುವವರು ಯಾರು! ನಡುವೆ ಕೆನಡಾಕ್ಕೋ ಮೆಕ್ಸಿಕೊಕ್ಕೋ ಹೋಗಿ ಬಂದರೂ ಸಾಮಾನ್ಯವಾಗಿ ಅಮೆರಿಕದಲ್ಲಿ ಮೊದಲು ಸಿಕ್ಕ 90 ದಿನವೇ ಓಡುತ್ತಿರುತ್ತದೆ. ಇಂಥ ಅನುಮತಿಗಳಿಗೆ ಸರ್ಕಾರದ ಸೈಟಿಗೇ ಹೋಗಿ. ಹುಡುಕಿದಾಗ ಮೇಲೆ ಬರುವ ಮೊದಲ ಲಿಂಕ್ ಎಷ್ಟೋ ಸಲ ಡಬಲ್ ದುಡ್ಡು ಕೀಳುವ ಮಧ್ಯವರ್ತಿಯದ್ದು.

ಅಗ್ಗಕ್ಕೆ ಸಿಕ್ಕಿತು ಅಂತ ಎರಡು ಬೇರೆ ಬೇರೆ ಟಿಕೆಟ್ ತೆಗೆಯುವವರು ಇದನ್ನೂ ನೋಡಿಕೊಳ್ಳಿ. ನಡುವಿನ ದೇಶದಲ್ಲಿ ಬ್ಯಾಗ್ ತೆಗೆದುಕೊಂಡು ಮತ್ತೆ ಕೊಡಬೇಕಾದರೆ ಸಾಮಾನ್ಯವಾಗಿ ಇಮಿಗ್ರೇಷನ್ ದಾಟಿ ಆ ದೇಶದ ಒಳಗೆ ಹೋಗಲೇಬೇಕು. ಹೋಗುವ ದೇಶಕ್ಕೆ ವೀಸಾ ಬೇಡ, ಸರಿ. ನಡುವಿನದಕ್ಕೆ?

ಇನ್ನು ನನ್ನ ಕಥೆ. ರಾತ್ರಿ ವಿಮಾನ ಇಳಿದು ಇಮಿಗ್ರೇಷನ್ ಸಾಲಿನಲ್ಲಿ ನಿಂತೆ. ಹೊಸ ಟಿಕೆಟಿನ ಸ್ಕ್ರೀನ್‌ಶಾಟ್, ಹೋಟೆಲ್ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಫೋನಿನಲ್ಲಿ ತೆರೆದಿಟ್ಟುಕೊಂಡಿದ್ದೆ, ಪರೀಕ್ಷೆಗೆ ಹೊರಟ ಹುಡುಗನ ಹಾಗೆ ಉತ್ತರಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅಧಿಕಾರಿ ತಲೆ ಎತ್ತಿ ಒಂದು ಸಲ ಮುಖ ನೋಡಿದ. ಖಾಲಿ ಪುಟ ಹುಡುಕಿ ಠಪ್ ಅಂತ ಸೀಲು ಒತ್ತಿದ. ಒಂದೇ ಒಂದು ಪ್ರಶ್ನೆ ಇಲ್ಲ. ಕೌಂಟರ್ ಬಿಡುವ ಮುಂಚೆ ಸೀಲಿನ ತಾರೀಖು ಸರಿಯಿದೆಯಾ ಅಂತ ನೋಡಿಕೊಂಡೆ, ಅಷ್ಟು ಬುದ್ಧಿ ಬಂದಿತ್ತು.

ಆ ಟಿಕೆಟ್ ಬಳಸಲೇ ಇಲ್ಲ. ಮೂರು ವಾರದ ನಂತರ ಬಸ್ಸಿನಲ್ಲೇ ಗಡಿ ದಾಟಿದೆ. ದುಡ್ಡು ವಾಪಸ್ ಬರಲಿಲ್ಲ.